ಕಳಂಕದ ಹರಳು ಹೊತ್ತು ಜರ್ಮನಿಗೆ

ರಾಣೆಬೆನ್ನೂರು, ನಮ್ಮ ಮನೆಯ ತಿಜೋರಿ

ಜರ್ಮನಿಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯ ಜನ ಮೊದಲು ಕೇಳುವುದು, ಊಟಕ್ಕೇನು ಮಾಡಿದಿರಿ ಅಂತ. ಆಮೇಲೆ, ಏನೇನು ನೋಡಿದಿರಿ ಅಂತ. ಊಟಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಿದ್ದೆ, ಅದರ ಚಿಂತೆ ಇರಲಿಲ್ಲ. ಎರಡನೆಯ ಪ್ರಶ್ನೆಗೆ ಮಾತ್ರ ನನ್ನ ಹತ್ತಿರ ಹೇಳಿಕೊಳ್ಳುವಂಥ ಉತ್ತರವಿಲ್ಲ. ಕೋಟೆ ನೋಡಲಿಲ್ಲ, ಹಿಮದ ಬೆಟ್ಟ ನೋಡಲಿಲ್ಲ. ಒಂದು ನೆಲಮಾಳಿಗೆ, ಒಂದು ನದಿ ದಂಡೆ, ಒಂದು ಕಂಪ್ಯೂಟರ್ ಪರದೆ. ಆ ಪರದೆಯ ಮುಂದೆ ಜೀವ ಅಂಗೈಯಲ್ಲಿ ಹಿಡಿದು ಕೂತದ್ದೇ ನನ್ನ ಫಾರಿನ್ ಟೂರು.

ನಾನು ಹಾವೇರಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಮನೆ ರಾಣೆಬೆನ್ನೂರು, ಓಡಾಟ ರೈಲಿನಲ್ಲಿ. ಮೆಣಸಿನಕಾಯಿ ಕಾಲದಲ್ಲಿ ಬ್ಯಾಡಗಿ ಸ್ಟೇಷನ್ ಬಂತೆಂದರೆ ಡಬ್ಬಿಗೆ ಡಬ್ಬಿಯೇ ಸೀನುತ್ತದೆ. ನಾನು ಸೀನುವುದಿಲ್ಲ, ನನ್ನ ತವರು ಅದೇ ಊರು. ನಲವತ್ತು ದಾಟಿದ ಮೇಲೆ ಪಿಎಚ್.ಡಿ. ಹುಚ್ಚು ಹಿಡಿಸಿಕೊಂಡೆ. "ಈ ವಯಸ್ಸಿನಾಗ ಯಾಕ ಬೇಕಿತ್ರಿ ಮೇಡಂ" ಅಂತ ಸಹೋದ್ಯೋಗಿಗಳು ಅನ್ನುವುದು, ನಾನು ಉರಿದು ಬೀಳುವುದು, ಹೀಗೇ ವರ್ಷಗಳು ಹೋದವು. ವಿಶ್ವವಿದ್ಯಾಲಯ ಅವಧಿ ವಿಸ್ತರಿಸಿ ವಿಸ್ತರಿಸಿ, ಇದೇ ಕಡೆಯದು ಎಂದು ಹೇಳಿಬಿಟ್ಟಿತ್ತು. ಒಂದು ಅಧ್ಯಾಯ ಬಾಕಿ. ಅದು ಆದರೆ ಡಾಕ್ಟರೇಟ್, ಆಗದಿದ್ದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಆ ಅಧ್ಯಾಯ ನಿಂತಿದ್ದು ಒಂದು ವಜ್ರದ ಮೇಲೆ. ಒಡವೆಯ ವಜ್ರವಲ್ಲ, ಯಂತ್ರದಲ್ಲಿ ಬೆಳೆಸಿದ, ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಚಪ್ಪಟೆ ಹರಳು. ವಜ್ರವೆಂದರೆ ಇಂಗಾಲದ ಪರಮಾಣುಗಳು ಸಾಲಾಗಿ ಪಂಕ್ತಿಗೆ ಕೂತ ಹಾಗೆ. ಆ ಪಂಕ್ತಿಯಲ್ಲಿ ಎಲ್ಲೋ ಒಂದು ಕಡೆ ಸಾರಜನಕದ ಪರಮಾಣುವೊಂದು ಬಂದು ಕೂತು, ಅದರ ಪಕ್ಕದ ಎಲೆ ಖಾಲಿ ಉಳಿದುಬಿಟ್ಟರೆ ಅದೇ ಕಳಂಕ. ಅಂಥ ಕಳಂಕದ ಮೇಲೆ ಲೇಸರ್ ಬಿಟ್ಟರೆ ಅದು ಬೆಳಕನ್ನು ಒಂದೊಂದೇ ಕಣವಾಗಿ ಉಗುಳುತ್ತದೆ. ಒಮ್ಮೆಗೆ ಒಂದೇ, ಎರಡಿಲ್ಲ. ಕದ್ದು ಕೇಳಲಾಗದ ಸಂದೇಶ ಕಳಿಸುವುದಕ್ಕೆ, ಮುಂದೆ ಬರಲಿರುವ ಕ್ವಾಂಟಮ್ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವುದಕ್ಕೆ ಇಂಥ ಬೆಳಕೇ ಬೇಕು. ಆ ಕಣ ದಿಕ್ಕುದಿಕ್ಕಿಗೆ ಚೆದುರಿ ಹೋಗದಂತೆ ಹಿಡಿದು ದಾರಿಗೆ ಹಚ್ಚಲು ಹರಳಿನ ಮೇಲೆ ಕೂದಲೆಳೆಗಿಂತ ಎಷ್ಟೋ ತೆಳುವಾದ ಸೇತುವೆಗಳನ್ನು ಕೊರೆದಿದ್ದೆ. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ರಜೆ ರಜೆಯಲ್ಲಿ ಹೋಗಿ, ಕೆಟ್ಟದ್ದನ್ನು ಎಸೆದು, ಮತ್ತೆ ಕೊರೆದು. ಆ ಪೈಕಿ ಉಳಿದದ್ದು ಇದೊಂದೇ ಹರಳು. ಒಂದೇ ಒಂದು ಸೇತುವೆಯಿಂದ ಒಂದೊಂದೇ ಕಣ ಬಂತೆಂದು ತೋರಿಸಬೇಕಿತ್ತು. ಅದಕ್ಕೆ ಬೇಕಾದ ಅತಿ ತಣ್ಣನೆಯ ಯಂತ್ರವನ್ನು ಕೆಲವು ದಿನಗಳ ಮಟ್ಟಿಗೆ ಜರ್ಮನಿಯವರು ಬಿಟ್ಟುಕೊಟ್ಟಿದ್ದರು.

ಹೊರಡುವ ಮುಂಚೆ ಹರಳು ಒಂದು ವಾರ ನಮ್ಮ ಮನೆಯ ತಿಜೋರಿಯಲ್ಲಿತ್ತು. ಬೆರಳುಗುರಿನಷ್ಟು ಪಾರದರ್ಶಕ ಡಬ್ಬಿ, ಒಳಗೆ ಅಂಟು ಹಾಸಿಗೆ, ಅದರ ಮೇಲೆ ಹರಳು. ರಾತ್ರಿ ಊಟಕ್ಕೆ ಕೂತಾಗ ಗಂಡ ಪ್ರಕಾಶ, ಬೀಜದ ಅಂಗಡಿಯ ಆಸಾಮಿ, ತಮಾಷೆಗೆ ತೆಗೆದರು:

"ನೋಡಬೇ, ನಿನ್ನ ಸೊಸಿ ವಜ್ರ ತಂದಾಳ. ಅದೂ ಕಳಂಕದ್ದು. ಕಳಂಕ ಇದ್ದರ ಚಲೋ ಅಂತ."

ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು. "ಚುಕ್ಕಿ ಬಿದ್ದ ವಜ್ರ ಮನ್ಯಾಗ ಇಡಬಾರದವಾ. ನಮ್ಮವ್ವ ಹೇಳ್ತಿದ್ಲು. ಒಗ್ಗಲಿಲ್ಲಂದ್ರ ಮನುಷ್ಯಾರ್‍ನ ತಿಂತೈತಿ."

"ಅತ್ತೀ, ಕಳಂಕ ಇಲ್ಲಂದ್ರ ಅದು ಬರೇ ಕಲ್ರಿ. ನನಗ ಬೇಕಾಗಿದ್ದ ಅದು," ಅಂತ ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಸಾರು ಬಡಿಸಿ ಒಳಗೆ ಹೋದರು.

ಹೊರಡುವ ದಿನ ಪಕ್ಕದ ಮನೆಯ ಶಾರದಕ್ಕನನ್ನು ಕರೆದರು. ಊರು ಬಿಟ್ಟು ಹೋಗುವವರಿಗೆ ಮುತ್ತೈದೆ ಕುಂಕುಮ ಹಚ್ಚಿ ಕಳಿಸಬೇಕು, ನಮ್ಮ ಮನೆಯಲ್ಲಿ ಆ ಕೆಲಸ ಶಾರದಕ್ಕನದು. ಮಾವ ತೀರಿಕೊಂಡ ಮೇಲೆ ಅತ್ತೆ ಇಂಥ ಹೊತ್ತಿನಲ್ಲಿ ನಡುಮನೆಯ ಬಾಗಿಲ ಹಿಂದೆ ನಿಲ್ಲುತ್ತಾರೆ. ಅವತ್ತೂ ನಿಂತಿದ್ದರು. ನನಗೆ ರೈಲಿನ ಗಡಿಬಿಡಿ. "ಬರ್ತೀನ್ರಿ ಅತ್ತೀ" ಎಂದು ಬಾಗಿಲಿನತ್ತ ಕೂಗಿ ಆಟೋ ಹತ್ತಿದೆ.

ಫ್ರಾಂಕ್‌ಫರ್ಟ್

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನ ಮುಂದೆ ನಾನಾಗಿಯೇ ಹೋಗಿ ನಿಂತೆ. ಕಾಗದಪತ್ರದಲ್ಲಿ ವಜ್ರ ಅಂತ ಬರೆದಿತ್ತು, ಮುಚ್ಚಿಟ್ಟು ಸಿಕ್ಕಿಬಿದ್ದರೆ ಯಾರು ಬಿಡಿಸುತ್ತಾರೆ? ಅವನು ಪತ್ರ ಓದಿದ, ನನ್ನ ಮುಖ ನೋಡಿದ, ಹತ್ತಿ ಸೀರೆ ನೋಡಿದ. ವಜ್ರದ ವ್ಯಾಪಾರಿ ಹೀಗಿರುತ್ತಾಳೆ ಅಂತ ಅವನಿಗೆ ಅನ್ನಿಸಲಿಲ್ಲವೆಂದು ಕಾಣುತ್ತದೆ. ಡಬ್ಬಿ ತೆರೆ ಅಂದ.

ತೆರೆದೆ. ಅವನಿಗೆ ನೆಗಡಿ. ಮೂಗು ಕೆಂಪಗಾಗಿತ್ತು. ದೀಪ ಹತ್ತಿರ ತಂದು ಹರಳಿನ ಮೇಲೆ ಬಗ್ಗಿದ, ಬಗ್ಗಿದವನೇ ಬಾಯಿ ತೆರೆದು ಕಣ್ಣು ಮುಚ್ಚಿದ. ಸೀನು ಬರುವ ಮೊದಲಿನ ಆ ಮುಖ ಬ್ಯಾಡಗಿಯವಳಿಗೆ ಗೊತ್ತಾಗದೆ ಇರುತ್ತದೆಯೇ? ಶಿವನೇ, ಎಳ್ಳಿನಷ್ಟು ಹರಳು, ಅದರ ಮೇಲೆ ಸೀನು! ನಾನು ಎರಡೂ ಕೈ ಡಬ್ಬಿಯ ಮೇಲೆ ಮುಚ್ಚಿದೆ. ಅವನು ಮುಖ ತಿರುಗಿಸಿ, ಮೊಣಕೈಯೊಳಗೆ ಸೀನಿ, ನನ್ನ ಕ್ಷಮೆ ಕೇಳಿ, ಠಸ್ಸೆ ಒತ್ತಿದ. ಡಬ್ಬಿ ಮುಚ್ಚುವಾಗ ಮುಚ್ಚಳದ ಒಳಮೂಲೆಯಲ್ಲಿ ಹಳದಿ ಛಾಯೆ ಕಂಡಂತಾಯಿತು. ಅಲ್ಲಿನ ದೀಪವೇ ಹಳದಿ ಇದೆ ಅಂದುಕೊಂಡೆ.

ಅಲ್ಲಿಂದ ರೈಲು. ಮುಟ್ಟಿದೆ ಅಂತ ಮನೆಗೆ ಫೋನು ಮಾಡಿ, ನಮ್ಮ ರೈಲಿನಲ್ಲಿ ಮಾತಾಡುವಷ್ಟೇ ಗಟ್ಟಿಯಾಗಿ ಮಾತಾಡಿದೆ. ಎದುರಿನ ಮುದುಕಿ ಒಂದು ಮಾತೂ ಆಡದೆ ಕಿಟಕಿಯ ಮೇಲಿನ ಚಿತ್ರವನ್ನು ಬೆರಳಿನಿಂದ ತೋರಿಸಿದಳು. ತುಟಿಯ ಮೇಲೆ ಬೆರಳಿಟ್ಟ ಮುಖದ ಚಿತ್ರ. ಅದು ಮಾತಾಡಬಾರದ ಬೋಗಿ. ಹಾವೇರಿಯಿಂದ ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಎದುರಿನವರ ಮಗಳ ಮದುವೆಯ ವಿಚಾರವೆಲ್ಲ ತಿಳಿದುಕೊಳ್ಳುವ ನನಗೆ ಆ ಬೋಗಿಯಲ್ಲಿ ಉಸಿರು ಕಟ್ಟಿದಂತಾಯಿತು.

ಡ್ಯಾನ್ಯೂಬ್ ದಂಡೆಯ ಊರು, ನೆಲಮಾಳಿಗೆ

ಶುಕ್ರವಾರ ಬೆಳಗ್ಗೆ ಸ್ಟೇಷನ್ನಿನಿಂದ ಸೂಟ್‌ಕೇಸ್ ಸಮೇತ ನೇರ ಪ್ರಯೋಗಾಲಯಕ್ಕೇ ಹೋದೆ. ಉಲ್ರಿಕೆ ಅಂತ ಅಲ್ಲಿನ ಮುಖ್ಯಸ್ಥೆ, ನನಗಿಂತ ಹಿರಿಯಳು, ತುಂಡು ಬಿಳಿಗೂದಲು. ಟೋಬಿಯಾಸ್ ಅಂತ ಯಂತ್ರದ ಉಸ್ತುವಾರಿಯವನು, ತಾಳೆಮರದಂತೆ ಉದ್ದ. ಇಬ್ಬರೂ ಕೈ ಕುಲುಕಿದರು, ನೀರು ಕೊಟ್ಟರು, ಅದರಲ್ಲಿ ಸೋಡಾ. ಪ್ರಯಾಣ ಹೇಗಾಯಿತು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ ಒಂದೂ ಇಲ್ಲ. ನೇರ ಕೆಲಸದ ಮಾತು. ತಣ್ಣನೆಯ ಯಂತ್ರ ಪೂರ್ತಿ ತಣಿಯಲು ಶನಿವಾರ, ಭಾನುವಾರ ಎರಡೂ ಬೇಕು. ಇವತ್ತು ಸಂಜೆಯೊಳಗೆ ಹರಳು ಒಳಗೆ ಹೋಗಬೇಕು. ಸೋಮವಾರ, ಮಂಗಳವಾರ ನನ್ನವು. ಬುಧವಾರ ಬೇರೆ ಗುಂಪಿನವರು ಬರುತ್ತಾರೆ.

ಯಂತ್ರಕ್ಕೆ ಹಾಕುವ ಮುನ್ನ ಮೇಜಿನ ಮೇಲಿನ ಸೂಕ್ಷ್ಮದರ್ಶಕದಲ್ಲಿ ಒಮ್ಮೆ ನೋಡುವ ರೂಢಿ. ಟೋಬಿಯಾಸ್ ಹಸಿರು ಲೇಸರ್ ಬಿಟ್ಟ. ಪರದೆಯ ಮೇಲೆ ಕಪ್ಪು ಬರಬೇಕು, ಕಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ಮಿಣುಕು ಬರಬೇಕು. ಬಂದದ್ದು ಬೆಳಕಿನ ರಾಡಿ. ಇಡೀ ಹರಳು ಧಗಧಗ ಹೊಳೆಯುತ್ತಿತ್ತು. ಸೇತುವೆಗಳೇ ಕಾಣುತ್ತಿರಲಿಲ್ಲ.

ಇಷ್ಟು ಬೆಳಕಿನಲ್ಲಿ ಒಂದೊಂದೇ ಕಣ ಹುಡುಕುವುದೆಂದರೆ ದನದ ಸಂತೆಯಲ್ಲಿ ಗುಬ್ಬಿಯ ದನಿ ಕೇಳಿದಂತೆ.

"ಏನೋ ಅಂಟಿದೆ. ಯಾರಾದರೂ ಮುಟ್ಟಿದ್ದಾರೆಯೇ?" ಟೋಬಿಯಾಸ್ ಕೇಳಿದ.

"ಯಾರೂ ಇಲ್ಲ. ನಮ್ಮ ಮನೆಯ ತಿಜೋರಿಯಲ್ಲಿ ಬೀಗ ಹಾಕಿ ಇಟ್ಟಿದ್ದೆ," ಅಂದೆ, ಸ್ವಲ್ಪ ಸೊಕ್ಕಿನಿಂದಲೇ.

ಹಾಗಾದರೆ ಆಮ್ಲದಲ್ಲಿ ಕುದಿಸೋಣ ಎಂದು ಅವನು ಕೈಗವಸು ಹಾಕತೊಡಗಿದ. ವಜ್ರಕ್ಕೆ ಆಮ್ಲದಿಂದ ಏನೂ ಆಗುವುದಿಲ್ಲ, ಖರೆ. ಆದರೆ ನನ್ನ ಸೇತುವೆಗಳಿಗೆ? ಒದ್ದೆಯಾದದ್ದು ಒಣಗುವಾಗ ನೀರಿನ ಕೊನೆಯ ಪದರು ಎಳೆಯುತ್ತದೆ, ಅಷ್ಟು ತೆಳುವಾದವು ಒಂದಕ್ಕೊಂದು ಅಂಟಿಯೋ ಮುರಿದೋ ಹೋಗುತ್ತವೆ. ಅಂಥದ್ದನ್ನು ಸುರಕ್ಷಿತವಾಗಿ ಒಣಗಿಸುವ ಯಂತ್ರ ಅವರಲ್ಲಿತ್ತು, ಆದರೆ ರಿಪೇರಿಗೆ ಹೋಗಿತ್ತು. ಬೆಂಗಳೂರಿನಲ್ಲಿ ನನ್ನ ಹಿಂದಿನ ಹರಳುಗಳು ಸತ್ತದ್ದು ಹೀಗೆಯೇ.

ಅಷ್ಟರಲ್ಲಿ ಖಾಲಿ ಡಬ್ಬಿ ಕೈಗೆತ್ತಿಕೊಂಡೆ. ಮುಚ್ಚಳದ ಮೂಲೆಯ ಹಳದಿ ಇನ್ನೂ ಇತ್ತು. ಇಲ್ಲಿನ ದೀಪ ಬೆಳ್ಳಗಿತ್ತು. ಉಗುರಿನಿಂದ ಕೆರೆದೆ. ಬಚ್ಚಲಿಗೆ ಹೋಗಿ ಅಲ್ಲಿದ್ದ ದ್ರವ ಸಾಬೂನು ಹಚ್ಚಿ ನೋಡಿದೆ. ಹಳದಿ ಹಳದಿಯಾಗಿಯೇ ಉಳಿಯಿತು. ನನಗೆ ಬಂದ ಅನುಮಾನ ಸುಳ್ಳಾಯಿತೆಂದು ಒಂದು ಗಳಿಗೆ ಜೀವ ತಂಪಾಯಿತು. ಆದರೂ ಮನಸ್ಸು ಕೇಳಲಿಲ್ಲ. ಅಲ್ಲಿಯವರ ಸಾಬೂನಿನಲ್ಲಿ ಕ್ಷಾರವೇ ಇರುವುದಿಲ್ಲವಂತೆ. ಸೂಟ್‌ಕೇಸ್ ತೆರೆದು ಊರಿನಿಂದ ತಂದ ಬಟ್ಟೆ ಸಾಬೂನಿನ ತುಂಡು ಒದ್ದೆ ಮಾಡಿ ತಿಕ್ಕಿದೆ. ಉಗುರು ಕೆಂಪಗಾಯಿತು. ಮದುವೆ ಮನೆಯ ಸೀರೆ ಒಗೆದ ಯಾವ ಹೆಂಗಸಿಗೂ ಗೊತ್ತು, ಸಾಬೂನು ತಾಗಿದರೆ ಕೆಂಪಾಗುವುದು ಒಂದೇ: ಅರಿಸಿನ.

ತಿಜೋರಿಯ ಕೀಲಿ ಎಲ್ಲಿರುತ್ತದೆಂದು ಗೊತ್ತಿದ್ದವರು ಮೂವರು. ನಾನು, ಗಂಡ, ಅತ್ತೆ. ಬಚ್ಚಲಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ, ಸಿಟ್ಟಿಗೆ ಮೂಗು ಅರಳಿತ್ತು. ಇಷ್ಟು ವರ್ಷದ ದುಡಿಮೆಗೆ ಅರಿಸಿನ ಬಳಿದು ಕೂತಿದ್ದಾರಲ್ಲ ಅಂತ ಹಲ್ಲು ಕಡಿದೆ. ಹೇಳದೆ ಇದ್ದುಬಿಡಲೇ ಅನ್ನಿಸಿತು. ಸೊಕ್ಕಿನಿಂದ ಬೀಗದ ಮಾತು ಆಡಿ ಬಂದವಳು ಈಗ ಯಾವ ಮುಖದಲ್ಲಿ ಹೇಳಲಿ? ಆದರೆ ಒಳಗೆ ಆಮ್ಲ ಬಿಸಿಯಾಗುತ್ತಿತ್ತು.

"ನಿಲ್ಲಿಸಿ. ಅದು ಅರಿಸಿನ. ನಮ್ಮ ಮನೆಯವರು ಹಚ್ಚಿದ್ದಾರೆ, ಒಳ್ಳೆಯದಾಗಲಿ ಅಂತ," ಅಂದೆ.

ನಗುತ್ತಾರೆ ಅಂದುಕೊಂಡಿದ್ದೆ. ಯಾರೂ ನಗಲಿಲ್ಲ. ಟೋಬಿಯಾಸ್ ಕೆಟ್ಟದ್ದರ ಕಾರಣ ಬರೆಯುವ ಹಲಗೆಯ ಹತ್ತಿರ ಹೋಗಿ, ಬೆರಳಿನ ಎಣ್ಣೆ, ಮೇಣ, ಧೂಳು ಎಂಬುದರ ಕೆಳಗೆ ಅರಿಸಿನ ಎಂದು ತಮ್ಮ ಭಾಷೆಯಲ್ಲಿ ಬರೆದ. ಆ ಗಂಭೀರ ಮುಖ ನೋಡಿ ನನಗೇ ನಗು ಬರುವಂತಾಯಿತು, ಹೆದರಿಕೆಯ ನಗು.

ಅರಿಸಿನವೇ ಆದರೆ ನನಗೊಂದು ದಾರಿ ಗೊತ್ತಿತ್ತು. ಅರಿಸಿನದ ಕಲೆ ಯಾವ ಸಾಬೂನಿಗೂ ಬಗ್ಗುವುದಿಲ್ಲ, ಬಿಸಿಲಿಗೆ ಮಾತ್ರ ಬಗ್ಗುತ್ತದೆ. ಬ್ಯಾಡಗಿಯಲ್ಲಿ ನಮ್ಮವ್ವ ಕಲೆಯಾದ ಸೀರೆಯನ್ನು ಮಾಳಿಗೆ ಮೇಲೆ ಹರವುತ್ತಿದ್ದಳು, ಸಂಜೆಗೆ ಕಲೆ ಮಾಯ. ಲೇಸರಿಗೆ ಹೊಳೆಯುವುದು ಅದರ ಬಣ್ಣವೇ, ಬೆಳಕು ಆ ಬಣ್ಣವನ್ನು ಮುರಿದುಹಾಕುತ್ತದೆ. ಗಾಜು ಶುಚಿ ಮಾಡುವ ಅತಿನೇರಳೆ ದೀಪದ ಪೆಟ್ಟಿಗೆ ಅಲ್ಲೇ ಮೂಲೆಯಲ್ಲಿತ್ತು. ಒದ್ದೆ ಮಾಡುವುದು ಬೇಡ, ಒಣಗಿಸುವುದು ಬೇಡ. ಅದನ್ನು ಹೇಳಿದೆ.

ಉಲ್ರಿಕೆ ಯೋಚಿಸಿದಳು. "ಬರೀ ಅರಿಸಿನವಾದರೆ ಸರಿ. ಜೊತೆಗೆ ಬೇರೇನಾದರೂ ಇದ್ದರೆ?"

ಅವಳು ಕೇಳಿದ್ದು ಸರಿಯಾಗಿತ್ತು. ನಮ್ಮಲ್ಲಿ ಅರಿಸಿನ ಒಂದೇ ಯಾರು ಹಚ್ಚುತ್ತಾರೆ? ಅರಿಸಿನದ ಹಿಂದೆಯೇ ಕುಂಕುಮ. ಕುಂಕುಮದಲ್ಲಿ ಸುಣ್ಣ ಇರುತ್ತದೆ, ಸುಣ್ಣ ಬೆಳಕಿಗೆ ಹೋಗುವುದಿಲ್ಲ. ಎಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದ್ದರೆ ದೀಪದ ಕೆಳಗೆ ಅದು ಇನ್ನೂ ಗಟ್ಟಿ ಕೂತುಬಿಡುತ್ತದೆ. ಹಾಗಿದ್ದರೆ ಆಮ್ಲವೇ ಗತಿ. ಯಾವುದು ಅಂತ ಹೇಳಬಲ್ಲವರು ರಾಣೆಬೆನ್ನೂರಿನಲ್ಲಿದ್ದರು.

ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನ ಇಳಿದಿತ್ತು, ಗಂಡ ಅಂಗಡಿಯಲ್ಲಿದ್ದರು.

"ಏನ್ರಿ, ಲಗೂ ಮನಿಗೆ ಹೋಗಿ ಅತ್ತಿ ಕೈಯಾಗ ಫೋನ್ ಕೊಡ್ರಿ."

"ಯಾಕ, ಏನಾತು? ಆರಾಮ ಅದೀಯಿಲ್ಲೋ?"

"ನಾ ಆರಾಮ ಅದೇನಿ. ಹರಳು ಆರಾಮ ಇಲ್ಲ. ಹೋಗ್ರಿ ಮೊದಲ!"

ಅವರು ಮನೆ ಮುಟ್ಟುವವರೆಗೆ ಫೋನು ಕಿವಿಗೆ ಹಿಡಿದೇ ನಿಂತಿದ್ದೆ. ಉಲ್ರಿಕೆ, ಟೋಬಿಯಾಸ್ ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಕಡೆಗೆ ಅತ್ತೆಯ ದನಿ ಬಂತು.

"ಅತ್ತೀ, ನನ್ನ ಹರಳಿನ ಡಬ್ಬಿ ಮುಟ್ಟಿದ್ರೇನು?"

"ನಾ ಯಾಕ ಮುಟ್ಟಲಿ? ತಿಜೋರಿ ಕಡೆ ಹೋಗೇ ಇಲ್ಲ."

"ಮುಚ್ಚಳದಾಗ ಅರಿಷಿಣ ಐತ್ರಿ! ಅದೇನು ತಾನ ನಡಕೊಂಡು ಬಂತೇನು?"

ನಾನು ಇನ್ನೂ ಏನೋ ಒದರಲಿಕ್ಕಿದ್ದೆ, ಅಷ್ಟರಲ್ಲಿ ಅಳುವ ಸದ್ದು ಕೇಳಿತು.

"ನನ್ನ ಕೈ ತಾಗಿ ಕೆಟ್ಟಿತೇನವಾ?"

ನನಗೆ ತಿಳಿಯಲಿಲ್ಲ. "ಏನಂದ್ರಿ?"

"ಗಂಡ ಹೋದಾಕಿ ಕೈ. ನಾ ಹಚ್ಚಬಾರದಿತ್ತು. ಗೊತ್ತಿದ್ದೂ ಹಚ್ಚಿದೆ. ಚುಕ್ಕಿ ಬಿದ್ದ ಹರಳು ಕಟಗೊಂಡು ಅಷ್ಟು ದೂರ ಹೊಂಟಿದ್ದಿ, ನಿನಗೇನರ ಆಗಿದ್ರ? ಶಾರದಾಗ ಹೇಳೂಣಂದ್ರ ಆಕಿ ನಗ್ತಾಳ. ನನ್ನ ಕೈಲೇನ ಕೆಟ್ಟಿತು ಬಿಡು."

ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅರಿಸಿನ ಹಚ್ಚಿದ್ದಕ್ಕೆ ಸುಳ್ಳು ಹೇಳಿದರು ಅಂದುಕೊಂಡಿದ್ದೆ. ಅವರು ಮುಚ್ಚಿಟ್ಟದ್ದು ತಮ್ಮ ಕೈಯನ್ನು. ಆದರೆ ಕೇಳಬೇಕಾದದ್ದು ಇನ್ನೂ ಬಾಕಿ ಇತ್ತು.

"ಕೈಯಿಂದ ಏನೂ ಕೆಟ್ಟಿಲ್ರಿ ಅತ್ತೀ. ಅರಿಷಿಣ ಯಾರು ಹಚ್ಚಿದ್ರೂ ಹಿಂಗ ಆಗ್ತಿತ್ತು. ಅಳಬ್ಯಾಡ್ರಿ. ಒಂದು ಹೇಳ್ರಿ, ಕುಂಕುಮಾನೂ ಹಚ್ಚೀರೇನು?"

"ಕುಂಕುಮ ನಾ ಹ್ಯಾಂಗ ಮುಟ್ಟಲಿ? ಅರಿಷಿಣದ ಮಟ್ಟಿಗಷ್ಟ ಧೈರ್ಯ ಮಾಡಿದೆ."

"ಎಣ್ಣಿ? ತುಪ್ಪ?"

"ಇಲ್ಲವಾ. ಒಣಾ ಅರಿಷಿಣ, ಬೆರಳ ತುದೀಲೆ. ಹರಳು ನೋಡಾಕೂ ಹೆದರಿಕಿ ನನಗ. ಮುಚ್ಚಳಕ್ಕ ಹಚ್ಚಿ ಮುಚ್ಚಿಟ್ಟೆ."

ಮುಚ್ಚಳದಿಂದ ಉದುರಿದ ಪುಡಿ ದಾರಿಯುದ್ದಕ್ಕೂ ಕುಲುಕಾಡಿ ಹರಳಿನ ಮೇಲೆ ಹರಡಿತ್ತು. ಶಾರದಕ್ಕನ ಕೈಗೆ ಕೊಟ್ಟಿದ್ದರೆ ಕುಂಕುಮವೂ ಬೀಳುತ್ತಿತ್ತು, ಅಲ್ಲಿಗೆ ಮುಗಿಯುತ್ತಿತ್ತು. "ಬರೀ ಅರಿಸಿನ, ಒಣದು," ಎಂದು ಉಲ್ರಿಕೆಗೆ ಹೇಳಿದೆ. ನನ್ನ ಕಣ್ಣಲ್ಲಿ ನೀರೇಕೆ ಬಂದಿದೆ ಅಂತ ಅವಳು ಕೇಳಲಿಲ್ಲ. ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ನನ್ನ ಕಡೆ ಸರಿಸಿದಳು.

ಒಣ ಗಾಳಿ ಊದಿ ಕಾಳುಗಳನ್ನು ಹಾರಿಸಿ, ಹರಳನ್ನು ದೀಪದ ಕೆಳಗಿಟ್ಟೆವು. ಊಟದ ಹೊತ್ತು ಹೋಯಿತು. ತೆಗೆದು ನೋಡಿದರೆ ಹೊಳಪು ತಗ್ಗಿತ್ತು, ಹೋಗಿರಲಿಲ್ಲ. ಟೋಬಿಯಾಸ್ ಮುಖ ಹುಳ್ಳಗೆ ಮಾಡಿದ. ಆಮ್ಲಕ್ಕೆ ಈಗಲೂ ಸಮಯ ಇದೆ, ಸೇತುವೆಗಳು ಉಳಿದರೂ ಉಳಿಯಬಹುದು ಅಂದ. ಉಲ್ರಿಕೆ ಅಂದಳು, "ಹರಳು ನಿಮ್ಮದು. ನೀವೇ ಹೇಳಬೇಕು."

ಅವ್ವನ ಸೀರೆ ಮಧ್ಯಾಹ್ನಕ್ಕೆ ನೋಡಿದರೆ ಕಲೆ ಹಾಗೆಯೇ ಇರುತ್ತಿತ್ತು. ಸಂಜೆಯವರೆಗೆ ಬಿಡಬೇಕು, ನಡುವೆ ತೆಗೆಯಬಾರದು ಅನ್ನುತ್ತಿದ್ದಳು. "ಮತ್ತೆ ದೀಪದ ಕೆಳಗೆ ಇಡಿ. ಯಂತ್ರ ಮುಚ್ಚುವ ಹೊತ್ತಿನವರೆಗೆ," ಅಂದೆ. ಸಂಜೆ ಅದನ್ನು ಹಾಗೆಯೇ ಯಂತ್ರದೊಳಗಿಟ್ಟು ಮುಚ್ಚಿದರು, ಇನ್ನೊಮ್ಮೆ ನೋಡಲು ಸಮಯವಿರಲಿಲ್ಲ. ಇಬ್ಬರೂ ವಾರಾಂತ್ಯದ ಶುಭಾಶಯ ಹೇಳಿ, ಸೈಕಲ್ ಹತ್ತಿ ಹೋಗಿಬಿಟ್ಟರು. ಸೋಮವಾರದವರೆಗೆ ಯಾರೂ ಈ ವಿಷಯ ಮಾತಾಡುವವರಿಲ್ಲ. ಎಂಥ ಜನವಪ್ಪ ಅನ್ನಿಸಿತು.

ಭಾನುವಾರ, ನದಿ ದಂಡೆ

ಭಾನುವಾರ ಆ ಊರಿನಲ್ಲಿ ಒಂದು ಅಂಗಡಿಯೂ ತೆರೆಯುವುದಿಲ್ಲ. ಕೂತರೆ ನಿಂತರೆ ಸಮಾಧಾನವಿಲ್ಲ, ರೊಟ್ಟಿ ಗಂಟಲಲ್ಲಿ ಇಳಿಯುತ್ತಿಲ್ಲ. ನಡೆಯಲು ಹೊರಟೆ. ರಸ್ತೆಯ ಈ ತುದಿಯಿಂದ ಆ ತುದಿಗೆ ಒಂದು ವಾಹನವಿಲ್ಲ, ಆದರೂ ಕೆಂಪು ದೀಪ ಇದೆ ಎಂದು ಒಬ್ಬ ತಾಯಿ ಮಗುವಿನ ಕೈ ಹಿಡಿದು ನಿಂತಿದ್ದಳು. ನಾನು ದಾಟಿಬಿಟ್ಟೆ. ಅವಳು ಹಿಂದಿನಿಂದ ಏನೋ ಗದರಿದಳು. ಮಗು ನನ್ನನ್ನು ನೋಡುತ್ತಿದೆ, ನಾನು ಅದಕ್ಕೆ ತಪ್ಪು ಕಲಿಸುತ್ತಿದ್ದೇನೆ ಅಂತ ಇರಬೇಕು. ಹಾವೇರಿಯ ಹೈವೇಯಲ್ಲಿ ಲಾರಿಗಳ ನಡುವೆ ನುಸುಳಿ ದಾಟಿದವಳಿಗೆ ಒಂದು ಖಾಲಿ ರಸ್ತೆ ದಾಟಿದ್ದಕ್ಕೆ ಬೈಗುಳ! ಬೇರೆ ದಿನವಾಗಿದ್ದರೆ ತಿರುಗಿ ಎರಡು ಮಾತು ಆಡುತ್ತಿದ್ದೆ. ಅವತ್ತು ಸುಮ್ಮನೆ ಮುಂದೆ ಹೋದೆ.

ಡ್ಯಾನ್ಯೂಬ್ ತುಂಬಿ ಹರಿಯುತ್ತಿತ್ತು. ಅಲ್ಲೇ ಒಂದು ಸಣ್ಣ ಹೊಳೆ ಬಂದು ಸೇರುತ್ತದೆ. ನಮ್ಮ ಗಳಗನಾಥದಲ್ಲಿ ವರದೆ ಬಂದು ತುಂಗಭದ್ರೆ ಸೇರುವ ಕಡೆ ನೆನಪಾಯಿತು. ಅಲ್ಲಾಗಿದ್ದರೆ ಯಾರಾದರೂ ಬಟ್ಟೆ ಸೆಣೆಯುತ್ತಿರುತ್ತಾರೆ, ಯಾರಾದರೂ "ಯಾವೂರವ್ವಾ, ಒಬ್ಬಾಕಿನ ಯಾಕ ಕುಂತೀ?" ಎಂದು ಕೇಳಿಯೇ ಕೇಳುತ್ತಾರೆ. ಇಲ್ಲಿ ಬೆಂಚಿನ ಮೇಲೆ ಎಷ್ಟೋ ಹೊತ್ತು ಕೂತೆ, ಯಾರೂ ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆನೋ ಏನೋ.

ಮನೆಗೆ ಫೋನು ಮಾಡಿದೆ. "ಅವ್ವ ಮೊನ್ನಿಯಿಂದ ಸರಿ ಉಂಡಿಲ್ಲ. ಆ ಹರಳು ಏನಾತು ಅಂತ ಕೇಳೂದ ಒಂದ ಕೆಲಸ," ಅಂದರು ಗಂಡ.

"ಕೈಯಿಂದ ಕೆಟ್ಟಿಲ್ಲಂತ ಹೇಳ್ರಿ."

"ಹೇಳೇನಿ. ನಂಬೂದಿಲ್ಲ. ನೀ ಗೆದ್ದು ಬಂದ್ರ ಮಾತ್ರ ನಂಬ್ತಾಳ."

ಅದನ್ನು ಕೇಳಿದ ಮೇಲೆ ಬೆಂಚಿನ ಮೇಲೂ ಕೂರಲಾಗಲಿಲ್ಲ. ನನ್ನ ಪಿಎಚ್.ಡಿ. ಹೋದರೆ ನಾನು ಒಂದು ವರ್ಷ ಅತ್ತು, ಮತ್ತೆ ಹಾವೇರಿಗೆ ರೈಲು ಹತ್ತಿ ಪಾಠ ಮಾಡುತ್ತೇನೆ. ಆ ಮುದುಕಿ ಬದುಕಿರುವವರೆಗೂ ತನ್ನ ಕೈ ನೋಡಿಕೊಂಡು ಕೂರುತ್ತಾರೆ. ಆ ಹರಳಿನೊಳಗೆ ಇದೂ ಸೇರಿಕೊಂಡಿತು.

ಮತ್ತೆ ನೆಲಮಾಳಿಗೆ

ಸೋಮವಾರ ಪರದೆ ಹಚ್ಚಿದಾಗ ನಾನು ಕಣ್ಣು ಮುಚ್ಚಿದ್ದೆ. "ನೋಡಿ," ಅಂದ ಟೋಬಿಯಾಸ್. ನೋಡಿದೆ. ಕಪ್ಪು! ಅಂಚುಗಳಲ್ಲಿ ಮ್ಲಾನ ಹೊಳಪು ಇತ್ತು, ನಡುವೆ ಕಪ್ಪು, ಕಪ್ಪಿನಲ್ಲಿ ಸೇತುವೆಗಳ ಸಾಲು. ಕುಣಿಯಬೇಕು ಅನ್ನಿಸಿತು. ಆದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಬಾರದು. ಕಪ್ಪಾಗಿದ್ದರೆ ಸಾಲದು, ಕಳಂಕ ಮಾತಾಡಬೇಕು.

ಮೊದಲ ಸೇತುವೆಯ ಮೇಲೆ ಅರಿಸಿನದ ಕಾಳೊಂದು ಹತ್ತಿ ಕೂತಿತ್ತು. ಮುಂದಿನದು ಬೆಳಗುತ್ತಿತ್ತು, ಆದರೆ ಅಲ್ಲಿ ಎರಡು ಮೂರು ಕಳಂಕ ಒಟ್ಟಿಗಿದ್ದವು, ಉಪಯೋಗವಿಲ್ಲ. ಅದರಾಚೆಯದು ಸುಮ್ಮನಿತ್ತು. ಸೋಮವಾರ ಹೀಗೇ ಹೋಯಿತು. ಮಂಗಳವಾರ ಮಧ್ಯಾಹ್ನದವರೆಗೂ ಹೀಗೇ. ಟೋಬಿಯಾಸ್ ಗಡಿಯಾರ ನೋಡುವುದು, ನಾನು ಅವನನ್ನು ನೋಡುವುದು. ಬಾಯಿ ಒಣಗಿ ಸೋಡಾ ನೀರನ್ನೇ ಗಟಗಟ ಕುಡಿದೆ.

ಅಂಚಿಗಿಂತ ಸ್ವಲ್ಪ ಒಳಗಿನ ಒಂದು ಸೇತುವೆಯಲ್ಲಿ ಒಂದೇ ಚುಕ್ಕೆ ಕಂಡಿತು. ಒಂಟಿ, ಮಂದ, ಸ್ಥಿರ. ಅದರ ಬೆಳಕನ್ನು ಎರಡು ದಾರಿಗೆ ಸೀಳಿ ಎರಡು ಕಡೆ ಎಣಿಸುತ್ತಾರೆ. ಒಂದೊಂದೇ ಕಣ ಬರುತ್ತಿದ್ದರೆ ಎರಡೂ ಕಡೆ ಒಮ್ಮೆಲೇ ಸದ್ದಾಗುವುದಿಲ್ಲ, ಆಗ ಪರದೆಯ ಗೆರೆ ನಡುವೆ ಕುಸಿಯುತ್ತದೆ. ಗೆರೆ ಮೊದಲು ಮುಳ್ಳುಮುಳ್ಳಾಗಿತ್ತು, ಏನೂ ತಿಳಿಯುತ್ತಿರಲಿಲ್ಲ. ಕಣ ಕೂಡುತ್ತ ಹೋದಂತೆ ನಡುವೆ ಕುಳಿ ಬಿದ್ದಂತೆ ಕಂಡಿತು. ಮತ್ತೆ ತುಂಬಿದಂತೆ ಕಂಡಿತು. ಉಲ್ರಿಕೆ ಬಂದು ಹಿಂದೆ ನಿಂತಳು. ಕುಳಿ ಇಳಿಯಿತು, ಇನ್ನೂ ಇಳಿಯಿತು, ತಳ ಮುಟ್ಟುವ ಹತ್ತಿರ ಹೋಗಿ ಅಲ್ಲೇ ನಿಂತಿತು.

ಒಮ್ಮೆಲೇ ಹಿಂದಿನಿಂದ ಟಕಟಕ ಸದ್ದು. ಬುಧವಾರದ ಗುಂಪಿನವರು ಈಗಲೇ ಬಂದು ಬಾಗಿಲು ಬಡಿಯುತ್ತಿದ್ದಾರೆ ಅಂತ ಬೆಚ್ಚಿಬಿದ್ದೆ. ನೋಡಿದರೆ ಉಲ್ರಿಕೆ, ಟೋಬಿಯಾಸ್ ಇಬ್ಬರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟುತ್ತಿದ್ದರು. ಅಲ್ಲಿನ ವಿದ್ಯಾವಂತರು ಚಪ್ಪಾಳೆ ತಟ್ಟುವುದು ಹೀಗಂತೆ. ನಾನೂ ಕುಟ್ಟಿದೆ, ಅಳುತ್ತ ಕುಟ್ಟಿದೆ. ಆಮೇಲೆ ಟೋಬಿಯಾಸನಿಗೆ ಶೇಂಗಾ ಚಟ್ನಿ ಕೊಟ್ಟೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ಹೆದರಿದ, ತಿಂದ ಮೇಲೆ ಇಷ್ಟೇನಾ ಅಂದ.

ರಾಣೆಬೆನ್ನೂರು

ಅಧ್ಯಾಯ ಬರೆದೆ, ಪ್ರಬಂಧ ಹೋಯಿತು, ಕಡೆಯ ಮೌಖಿಕ ಪರೀಕ್ಷೆಗೆ ಬೆಂಗಳೂರಿಗೆ ಹೋಗುವ ದಿನ ಬಂತು. ಅತ್ತೆ ನನ್ನೊಂದಿಗೆ ಚೆನ್ನಾಗಿಯೇ ಇದ್ದರು. ಗೆದ್ದೆ ಅಂತ ಕೇಳಿ ಹೊಟ್ಟೆ ತುಂಬ ಉಂಡಿದ್ದರು. ಆದರೆ ಜರ್ಮನಿಯಿಂದ ಬಂದಾಗಿನಿಂದ ನನ್ನ ಪುಸ್ತಕ, ಬ್ಯಾಗು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಮೇಜು ಒರೆಸುವಾಗಲೂ ಅವುಗಳ ಸುತ್ತ ಒರೆಸಿ ಬಿಡುತ್ತಿದ್ದರು.

ಹೊರಡುವಾಗ ಗಂಡ ರೂಢಿಯಂತೆ ಶಾರದಕ್ಕನನ್ನು ಕರೆಯಲು ಹೋದರು. ಅತ್ತೆ ಬಾಗಿಲ ಹಿಂದೆ ಸರಿದರು. ನಾನು ದೇವರ ಮುಂದಿನ ತಟ್ಟೆ ತಂದು, ಆ ಬಾಗಿಲಿನ ಹಿಂದೆಯೇ ಹೋಗಿ ಅವರ ಮುಂದೆ ಕೂತೆ.

"ಅತ್ತೀ, ಈ ಸಲ ಡಬ್ಬಿಗಿ ಬ್ಯಾಡ. ನನಗ ಹಚ್ಚರಿ."

"ಹುಚ್ಚಿ ಅದೀಯೇನು? ಏಳು. ಶಾರದಾ ಬರ್ತಾಳ."

"ಅವರು ಬಂದ್ರ ಬರಲಿ. ನೀವು ಹಚ್ಚಿದ ಹರಳು ಗೆದ್ದೈತ್ರಿ. ನಾ ಸೋಲಬೇಕೇನು?"

"ಕುಂಕುಮ ನಾ ಮುಟ್ಟಿ ಎಷ್ಟು ವರ್ಷ ಆತವಾ..."

"ರೈಲ್ ಹೊತ್ತಾತ್ರಿ. ನೀವು ಹಚ್ಚೂತನಕ ನಾ ಏಳೂದಿಲ್ಲ."

ಶಾರದಕ್ಕ ಬಂದು ಹೊಸ್ತಿಲಲ್ಲಿ ನಿಂತರು. ಗಂಡ ಅವರ ಹಿಂದೆ ನಿಂತರು. ಅತ್ತೆ ಸೆರಗಿನಿಂದ ಬೆರಳು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಬೆರಳನ್ನು ಕುಂಕುಮಕ್ಕೆ ಅದ್ದಿ ನನ್ನ ಹಣೆಗೆ ತಂದಾಗ ಕೈ ಗಡಗಡ ನಡುಗುತ್ತಿತ್ತು. ಮೂಗಿನ ಮೇಲೆಲ್ಲ ಉದುರಿತು.

ರೈಲಿನಲ್ಲಿ ಹರಿಹರದ ಹತ್ತಿರ ಎದುರು ಕೂತ ಹೆಂಗಸೊಬ್ಬಳು ಎಷ್ಟೋ ಹೊತ್ತು ನನ್ನ ಮುಖ ನೋಡಿ, ಕಡೆಗೆ ತಡೆಯಲಾರದೆ ಹೇಳಿದಳು, "ಅಕ್ಕಾರ, ಕುಂಕುಮ ಹುಬ್ಬಿನತನಾ ಹರಡೇತಿ ನೋಡ್ರಿ, ಒರಿಸ್ಕೋರಿ."

"ಇರಲಿ ಬಿಡ್ರಿ," ಅಂದೆ, "ನಮ್ಮ ಅತ್ತಿ ಹಚ್ಯಾರ."